ಸೋಲಾರ್ ಕೆಟ್ಟಿತು: ರಿಪೇರಿಯೋ, ಗುಜರಿಯೋ?

ನಮ್ಮ ಜಿಲ್ಲೆಯ ಹಲವು ಮನೆಗಳಲ್ಲಿ ಒಂದು ಸಮಸ್ಯೆ ಸದ್ದಿಲ್ಲದೆ ತಲೆ ಎತ್ತಿದೆ. ರಾಜಕೀಯದ ಸಮಸ್ಯೆಯಲ್ಲವಾದ್ದರಿಂದ ಅದಕ್ಕೆ ಹೇಳಿಕೆಯೂ ಇಲ್ಲ, ಪ್ರತಿಹೇಳಿಕೆಯೂ ಇಲ್ಲ. ಇದು ಬಚ್ಚಲುಮನೆಯ ಸಮಸ್ಯೆ. ಬೆಳಿಗ್ಗೆ ಬಿಸಿನೀರಿನ ನಲ್ಲಿ ತಿರುಗಿಸಿದರೆ ತಣ್ಣೀರು ಬರುತ್ತದೆ. ಬಹಳ ಕರುಣೆ ತೋರಿದರೆ ಉಗುರುಬೆಚ್ಚಗೆ ಬರುತ್ತದೆ. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೂ ಮೇಲಿರುವ ಹಾಸನದಲ್ಲಿ ಮಾರ್ಗಶಿರ, ಪುಷ್ಯದ ಬೆಳಗಿನ ಜಾವ ಉಗುರುಬೆಚ್ಚನೆ ನೀರು ಮೈಮೇಲೆ ಸುರಿದುಕೊಳ್ಳುವುದು ಎಂಥ ಶಿಕ್ಷೆ ಅಂತ ಅನುಭವಿಸಿದವರಿಗೇ ಗೊತ್ತು.

ಇದರ ಮೂಲ ಹುಡುಕಿದರೆ 2007ಕ್ಕೆ ಹೋಗಬೇಕಾಗುತ್ತದೆ. ಆ ವರ್ಷ ನವೆಂಬರಿನಲ್ಲಿ ರಾಜ್ಯ ಸರ್ಕಾರ ಆದೇಶ ಹೊರಡಿಸಿ, ನಿಗದಿತ ಅಳತೆ ಮೀರಿದ ಹೊಸ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ಹಾಕಿಸಿದವರಿಗೆ ಕರೆಂಟ್ ಬಿಲ್ಲಿನಲ್ಲಿ ಒಂದಿಷ್ಟು ರಿಯಾಯಿತಿಯೂ ಸಿಕ್ಕಿತು. ಹಾಸನದ ಬಡಾವಣೆಗಳ ತಾರಸಿಗಳ ಮೇಲೆ ಕಪ್ಪು ಹಲಗೆ, ಬಿಳಿ ಟ್ಯಾಂಕ್ ಸಾಲುಗಟ್ಟಿದ್ದು ಆ ವರ್ಷಗಳಲ್ಲಿ. ಅವುಗಳಿಗೆಲ್ಲ ಈಗ ಹದಿನೈದು ವರ್ಷ ದಾಟಿದೆ. ಈ ಯಂತ್ರಗಳ ಆಯುಸ್ಸು ಸಾಮಾನ್ಯವಾಗಿ ಹದಿನೈದರಿಂದ ಇಪ್ಪತ್ತು ವರ್ಷ. ಒಟ್ಟಿಗೇ ಹುಟ್ಟಿದವು ಒಟ್ಟಿಗೇ ಮುದಿಯಾಗಿವೆ.

ಪ್ಲಂಬರ್ ಬರುತ್ತಾನೆ. ಏಣಿ ಹತ್ತುತ್ತಾನೆ. ಐದೇ ನಿಮಿಷದಲ್ಲಿ ಇಳಿಯುತ್ತಾನೆ.

"ಅಣ್ಣಾ, ಇದರ ಕಥೆ ಮುಗೀತು. ಹೊಸದು ಹಾಕ್ಸ್‌ಬಿಡಿ."

"ರಿಪೇರಿ ಆಗಲ್ವೇನಪ್ಪಾ?"

"ಆಗ್ತದೆ. ಆದರೆ ಗ್ಯಾರಂಟಿ ಕೊಡಕ್ಕಾಗಲ್ಲ."

ಈ 'ಗ್ಯಾರಂಟಿ ಕೊಡಕ್ಕಾಗಲ್ಲ' ಎಂಬ ಮಾತಿಗೆ ಹೆದರಿ ಸಾವಿರಗಟ್ಟಲೆ ತೆತ್ತವರಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಕೆಟ್ಟದ್ದು ಒಂದು, ಬದಲಾಯಿಸಿದ್ದು ಇನ್ನೊಂದು. ಇನ್ನು ಕೆಲವರು ಹತ್ತು ಸಲ ರಿಪೇರಿ ಮಾಡಿಸಿ ಹೊಸದರ ದುಡ್ಡನ್ನೇ ಕಳೆದಿದ್ದಾರೆ. ಮೂಗಿಗಿಂತ ಮೂಗುತಿ ಭಾರ. ಎರಡೂ ತಪ್ಪಬೇಕಾದರೆ ಪ್ಲಂಬರ್ ಮಾತು ಕೇಳುವ ಮುಂಚೆ ನಾವೇ ಒಮ್ಮೆ ತಾರಸಿ ಹತ್ತಬೇಕು.

ಕೈ ಇಟ್ಟು ನೋಡಿ

ಸೋಲಾರ್ ಹೀಟರಿನಲ್ಲಿ ಅಂಥ ಬ್ರಹ್ಮವಿದ್ಯೆಯೇನೂ ಇಲ್ಲ. ತಣ್ಣೀರು ಹಲಗೆಯ ಕೆಳಗಿನಿಂದ ಹೋಗಿ ಬಿಸಿಲಿಗೆ ಕಾಯುತ್ತದೆ. ಕಾದ ನೀರು ಹಗುರ, ತಾನಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ. ಅದರ ಜಾಗಕ್ಕೆ ತಣ್ಣೀರು ಇಳಿಯುತ್ತದೆ. ಮೋಟಾರಿಲ್ಲ, ಪಂಪಿಲ್ಲ. ಈ ಸುತ್ತು ಎಲ್ಲಿ ನಿಂತಿದೆ ಎಂಬುದನ್ನು ಕಂಡುಹಿಡಿದರೆ ಅರ್ಧ ಕೆಲಸ ಮುಗಿದಂತೆ.

ಒಳ್ಳೆ ಬಿಸಿಲಿರುವ ದಿನ ಮಧ್ಯಾಹ್ನ ಎರಡು ಗಂಟೆಗೆ ತಾರಸಿಗೆ ಹೋಗಿ. ಹಲಗೆಯ ಮೇಲ್ತುದಿಯಿಂದ ಟ್ಯಾಂಕಿಗೆ ಹೋಗುವ ಪೈಪನ್ನು ಬಟ್ಟೆ ಸುತ್ತಿದ ಕೈಯಿಂದ ಮುಟ್ಟಿ. ಬರಿಗೈ ಬೇಡ, ಸುಟ್ಟೀತು.

ಪೈಪ್ ಸುಡುತ್ತಿದೆ, ಟ್ಯಾಂಕಿನ ನೀರೂ ಬಿಸಿಯಿದೆ, ಬಚ್ಚಲಲ್ಲಿ ಮಾತ್ರ ತಣ್ಣೀರು. ಹಾಗಾದರೆ ಸೋಲಾರ್ ಚೆನ್ನಾಗಿದೆ, ಕೆಟ್ಟಿರುವುದು ಮನೆಯೊಳಗಿನ ಪೈಪು. ಬಹಳ ಕಡೆ ಶವರಿನ ಮಿಕ್ಸರ್ ನಲ್ಲಿಯಲ್ಲಿ ವಾಷರ್ ಸವೆದು ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತಿರುತ್ತದೆ. ಇಂಥ ನಲ್ಲಿಯ ತಪ್ಪಿಗೆ ತಾರಸಿ ಮೇಲಿನ ಸೋಲಾರನ್ನು ಬಲಿಕೊಟ್ಟರೆ ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟಂತೆ.

ಹಲಗೆ ಬಿಸಿ, ಟ್ಯಾಂಕ್ ತಣ್ಣಗೆ. ಆಗ ನೀರು ಸುತ್ತುತ್ತಿಲ್ಲ ಎಂದು ತಿಳಿಯಬೇಕು. ಒಂದೋ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ, ಇಲ್ಲವೇ ಉಪ್ಪು ಕಟ್ಟಿದೆ. ಗಾಳಿ ಹೋಗುವ ಕೊಳವೆ ಬಿಡಿಸಿದರೆ ಮೊದಲನೆಯದು ಸರಿಹೋಗುತ್ತದೆ. ಎರಡನೆಯದರ ವಿಚಾರ ಮುಂದೆ ಹೇಳುತ್ತೇನೆ.

ಹಲಗೆಯೇ ಬಿಸಿಯಾಗಿಲ್ಲ. ಗಾಜಿನ ಮೇಲೆ ವರ್ಷದ ದೂಳಿದೆಯೇ ನೋಡಿ. ಗಾಜು ಒಡೆದಿದೆಯೇ ನೋಡಿ. ಆಮೇಲೆ ದಕ್ಷಿಣಕ್ಕೆ ತಿರುಗಿ ನೋಡಿ. ಸೋಲಾರ್ ಹಾಕಿಸಿದಾಗ ಖಾಲಿ ಸೈಟಿದ್ದ ಕಡೆ ಈಗ ಮೂರಂತಸ್ತಿನ ಮನೆ ಎದ್ದಿರಬಹುದು. ನೀವೇ ನೆಟ್ಟ ತೆಂಗಿನ ಸಸಿ ಮರವಾಗಿರಬಹುದು. ನೆರಳು ಬಿದ್ದ ಜಾಗದಲ್ಲಿ ಹಳೆಯದನ್ನು ಕಿತ್ತು ಹೊಸದು ಹಾಕಿದರೂ ಫಲ ಅಷ್ಟಕ್ಕಷ್ಟೆ. ಜಾಗ ಬದಲಿಸಬೇಕು.

ಸಂಜೆ ಕುದಿಯುವ ನೀರು, ಬೆಳಿಗ್ಗೆ ತಣ್ಣಗೆ. ರಾತ್ರಿ ಯಾರೂ ಬಳಸದೆಯೂ ಹೀಗಾದರೆ ಟ್ಯಾಂಕಿನ ಸುತ್ತ ಶಾಖ ಹಿಡಿದಿಡಲು ತುಂಬಿದ ಪದರ ನೀರು ಕುಡಿದಿದೆ ಅಂತ ಅರ್ಥ. ಹೊದ್ದ ಕಂಬಳಿ ಒದ್ದೆಯಾದರೆ ಚಳಿ ತಡೆಯುತ್ತದೆಯೇ? ಪದರ ಒದ್ದೆಯಾಗಿದ್ದರೆ ಒಳಗಿನ ಟ್ಯಾಂಕ್ ಸೋರುತ್ತಿರುವ ಸಂಭವವೇ ಹೆಚ್ಚು. ಆಗ ಮಾತ್ರ ಪ್ಲಂಬರ್ ಹೇಳಿದ್ದು ಸರಿ. ತುಕ್ಕು ಹಿಡಿದು ಸೋರುವ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸಿದರೆ ಆರು ತಿಂಗಳಲ್ಲಿ ಪಕ್ಕದಲ್ಲೇ ಇನ್ನೊಂದು ತೂತು ಬೀಳುತ್ತದೆ.

ಒಟ್ಟು ಲೆಕ್ಕ ಇಷ್ಟೆ: ಟ್ಯಾಂಕ್ ಹೋಯಿತೆಂದರೆ ಹೊಸದು, ಬೇರೇನೇ ಹೋಗಿದ್ದರೂ ಮೊದಲು ರಿಪೇರಿಯ ಯೋಚನೆ. ಟ್ಯಾಂಕ್ ಹೋದಾಗಲೂ ಹಲಗೆ ಗಟ್ಟಿಯಿದ್ದರೆ ಟ್ಯಾಂಕ್ ಮಾತ್ರ ಬದಲಿಸಲಾಗುತ್ತದೆಯೇ ಅಂತ ಕೇಳಿ. ಕೇಳಿದರೆ ದುಡ್ಡು ಕೊಡಬೇಕಿಲ್ಲವಲ್ಲ.

ಕೊಲ್ಲುವುದು ವಯಸ್ಸಲ್ಲ, ನೀರು

ಒಂದೇ ವರ್ಷ, ಒಂದೇ ಕಂಪನಿಯ ಸೋಲಾರ್ ಹಾಕಿಸಿದ ಇಬ್ಬರಲ್ಲಿ ಒಬ್ಬರದು ಇನ್ನೂ ಗುಂಡುಕಲ್ಲಿನ ಹಾಗಿರುತ್ತದೆ, ಇನ್ನೊಬ್ಬರದು ಆರೇ ವರ್ಷಕ್ಕೆ ಮಲಗಿರುತ್ತದೆ. ವ್ಯತ್ಯಾಸ ನೀರಿನಲ್ಲಿದೆ.

ಹೇಮಾವತಿಯ ನೀರು ನಲ್ಲಿಯಲ್ಲಿ ಬರುವ ಮನೆಯ ಮಾತು ಬೇರೆ. ಹೊಳೆ ದಡದಲ್ಲೇ ಇರುವ ಹೊಳೆನರಸೀಪುರದವರು, ಹೊಳೆ ನೀರನ್ನೇ ಬಳಸುವ ಹಾಸನದವರು ಈ ವಿಷಯದಲ್ಲಿ ಪುಣ್ಯವಂತರು. ಅರಕಲಗೂಡು ತಾಲ್ಲೂಕಿನ ರಾಮನಾಥಪುರ, ಕೊಣನೂರಿನ ಕಡೆಯವರಿಗೆ ಕಾವೇರಿಯಿದೆ. ಆದರೆ ಅದೇ ಹಾಸನದ ಹೊಸ ಬಡಾವಣೆಯಲ್ಲಿ ಬೋರ್‌ವೆಲ್ ನಂಬಿದ ಮನೆಯ ಕಥೆ ಬೇರೆ. ಚನ್ನರಾಯಪಟ್ಟಣದ ಬಯಲಿನ ಕಡೆ ಆಳದ ಬೋರ್ ನೀರು ಕಾಯಿಸುವವರ ಕಥೆ ಇನ್ನೂ ಬೇರೆ.

ಗಡಸು ನೀರಿನಲ್ಲಿ ಕರಗಿರುವ ಸುಣ್ಣದ ಅಂಶ ತಣ್ಣಗಿದ್ದಾಗ ಕಣ್ಣಿಗೆ ಕಾಣುವುದಿಲ್ಲ. ಕಾಯಿಸಿದಾಗ ಬೇರ್ಪಟ್ಟು ಬಿಳಿಯ ಪದರವಾಗಿ ಅಂಟಿಕೊಳ್ಳುತ್ತದೆ. ನೀರು ಹೆಚ್ಚು ಕಾದಷ್ಟೂ ಬೇಗ ಅಂಟುತ್ತದೆ. ಬೆರಳು ಗಾತ್ರದ ತಾಮ್ರದ ಕೊಳವೆ ಕ್ರಮೇಣ ಪೆನ್ಸಿಲಿನ ಗಾತ್ರಕ್ಕೆ ಇಳಿಯುತ್ತದೆ, ಕೊನೆಗೆ ಮುಚ್ಚಿಹೋಗುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಇದು ಕುಡಿಯುವ ಬಾಯಿಗೆ ಹೇಳಿದ್ದು. ಸೋಲಾರಿನ ಕೊಳವೆಗೆ ಅಷ್ಟು ಸಹನೆಯಿಲ್ಲ.

ಪರೀಕ್ಷೆಗೆ ಪ್ರಯೋಗಶಾಲೆಗೇ ಹೋಗಬೇಕೆಂದಿಲ್ಲ. ಸೋಪು ನೊರೆ ಬರುವುದಿಲ್ಲವೇ? ಬೇಳೆ ಬೇಯಲು ಸತಾಯಿಸುತ್ತದೆಯೇ? ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಹೊಪ್ಪಳೆ ಏಳುತ್ತದೆಯೇ? ಅಡಿಗೆಮನೆಯವರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ.

ಉಪ್ಪು ಕಟ್ಟಿದ ತಾಮ್ರದ ಹಲಗೆಯನ್ನು ತೆಳು ಆಸಿಡ್ ಹಾಯಿಸಿ ತೊಳೆಯುತ್ತಾರೆ. ಬಲ್ಲವರ ಕೈಯಲ್ಲಿ ಇದು ಒಳ್ಳೆ ರಿಪೇರಿ. ಕೈ ಮೀರಿದರೆ ಆಸಿಡ್ ತಾಮ್ರವನ್ನೂ ತಿನ್ನುತ್ತದೆ. ಪೂರ್ತಿ ಮುಚ್ಚಿಹೋದ ಕೊಳವೆಯೊಳಗೆ ಆಸಿಡ್ ಹೋಗುವುದೇ ಇಲ್ಲ. ತೊಳೆಸಿದ ಎರಡೇ ವರ್ಷಕ್ಕೆ ಮತ್ತೆ ಕಟ್ಟಿಕೊಂಡರೆ ಅದು ಯಂತ್ರದ ಕಾಯಿಲೆಯಲ್ಲ, ನೀರಿನ ಕಾಯಿಲೆ. ಅಂಥ ಮನೆಯವರು ಹೊಸದು ಕೊಳ್ಳುವಾಗ ಮತ್ತೆ ತಾಮ್ರದ ಹಲಗೆಗೆ ಹೋಗದೆ, ಅಗಲ ಬಾಯಿಯ ಗಾಜಿನ ಕೊಳವೆಗಳದ್ದನ್ನು ವಿಚಾರಿಸುವುದು ಲೇಸು. ಅದರಲ್ಲೂ ಉಪ್ಪು ಕಟ್ಟುತ್ತದೆ, ಆದರೆ ಬಿಚ್ಚಿ ತೊಳೆಯುವುದು ಸುಲಭ, ಒಡೆದ ಒಂದು ಕೊಳವೆಯನ್ನು ಒಂದಾಗಿಯೇ ಬದಲಿಸಬಹುದು. ಮನೆಗೆ ನಲ್ಲಿ ನೀರು, ಬೋರ್ ನೀರು ಎರಡೂ ಇದ್ದರೆ ಸೋಲಾರಿಗೆ ನಲ್ಲಿ ನೀರಿನದೇ ಬೇರೆ ಸಣ್ಣ ತೊಟ್ಟಿ ಮಾಡಿಸಿ. ಆ ಖರ್ಚು ಹೊಸ ಯಂತ್ರದ ಆಯುಸ್ಸಿನಲ್ಲಿ ವಾಪಸ್ ಬರುತ್ತದೆ.

ಗೀಸರಿನ ಆಸೆ, ಮೀಟರಿನ ಲೆಕ್ಕ

"ಸೋಲಾರ್ ಸಹವಾಸವೇ ಬೇಡ ಬಿಡ್ರೀ, ಗೀಸರ್ ಹಾಕಿಸೋಣ. ಹೆಂಗೂ ಕರೆಂಟ್ ಫ್ರೀ ಅಲ್ವಾ?"

ಈ ಮಾತು ಈಗ ಮನೆಮನೆಯಲ್ಲೂ ಕೇಳಿಬರುತ್ತಿದೆ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. 2022-23ರಲ್ಲಿ ಮನೆ ಬಳಸಿದ ತಿಂಗಳ ಸರಾಸರಿಗೆ ಒಂದಿಷ್ಟು ಸೇರಿಸಿ, ಅಷ್ಟಕ್ಕೆ ಮಾತ್ರ ಪುಕ್ಕಟೆ. ಅದರ ಮೇಲೆ 200ರವರೆಗೆ ಬಳಸಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. 200 ದಾಟಿತೋ, ಪೂರ್ತಿ ಬಿಲ್ಲು ನಿಮ್ಮದೇ.

ಈಗ ತಮಾಷೆ ನೋಡಿ. ಯಾರ ಮನೆಯಲ್ಲಿ 2022-23ರಲ್ಲಿ ಸೋಲಾರ್ ಚೆನ್ನಾಗಿ ಕೆಲಸ ಮಾಡುತ್ತಿತ್ತೋ ಅವರ ಸರಾಸರಿ ಕಡಿಮೆ ಬಂದಿದೆ. ಕರೆಂಟ್ ಉಳಿಸಿದವರಿಗೆ ಪುಕ್ಕಟೆಯ ಪಾಲೂ ಕಡಿಮೆ! ಇಂಥವರು ಸೋಲಾರ್ ಕಿತ್ತು ಗೀಸರ್ ಹಾಕಿದರೆ ಏರುವ ಯೂನಿಟ್ಟೆಲ್ಲ ಹೆಚ್ಚುಕಡಿಮೆ ಸ್ವಂತ ಜೇಬಿನ ಮೇಲೆಯೇ ಬೀಳುತ್ತದೆ.

ಎಷ್ಟು ಏರುತ್ತದೆ? ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಿಂದ ಸ್ನಾನಕ್ಕೆ ಹಿತವಾದ 40 ಡಿಗ್ರಿಗೆ ತರಲು ಹತ್ತಿರ ಹತ್ತಿರ ಅರ್ಧ ಯೂನಿಟ್ ಬೇಕು. ನಾಲ್ಕು ಜನಕ್ಕೆ ದಿನಕ್ಕೆ ಎರಡು, ತಿಂಗಳಿಗೆ ಅರವತ್ತು ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಎಂದಿಟ್ಟುಕೊಂಡರೂ ತಿಂಗಳಿಗೆ 360, ವರ್ಷಕ್ಕೆ ನಾಲ್ಕು ಸಾವಿರದ ಮೇಲೆ. ಶವರಿನ ಕೆಳಗೆ ನಿಂತು ಹಾಡು ಹೇಳುವ ಮಗನಿದ್ದರೆ ಇದನ್ನು ಎರಡರಷ್ಟು ಮಾಡಿಕೊಳ್ಳಿ. 150 ಯೂನಿಟ್ಟಿನ ಆಸುಪಾಸಿನಲ್ಲಿರುವ ಮನೆಗಂತೂ ಈ ಅರವತ್ತೇ 200ರ ಗೆರೆ ದಾಟಿಸಿಬಿಡುತ್ತದೆ.

ಸೋಲಾರ್ ಟ್ಯಾಂಕಿನೊಳಗೂ ಮೋಡದ ದಿನಕ್ಕೆಂದು ಕರೆಂಟಿನ ಕಾಯಿಲ್ ಇಟ್ಟಿರುತ್ತಾರೆ. ಅದರ ಸ್ವಿಚ್ ಆರಿಸಲು ಮರೆತರೆ ಬಕೆಟ್ ಬದಲು ಇಡೀ ಟ್ಯಾಂಕ್ ಕಾಯುತ್ತದೆ. ನೂರು ಲೀಟರನ್ನು 20ರಿಂದ 60 ಡಿಗ್ರಿಗೆ ಒಯ್ಯಲು ನಾಲ್ಕೂವರೆ ಯೂನಿಟ್ಟಿಗೂ ಹೆಚ್ಚು ಬೇಕು. ಬಿಲ್ಲು ನೋಡಿ ಚಾಮುಂಡೇಶ್ವರಿ ವಿದ್ಯುತ್ ನಿಗಮದವರ ಮೇಲೆ ಸಿಡುಕುವ ಮುಂಚೆ ಆ ಸ್ವಿಚ್ ನೋಡಿ.

ಇದ್ದ ಗೀಸರ್ ಹಳೆಯದಾದವರಿಗೂ ಸೂತ್ರ ಅದೇ. ಸ್ವಿಚ್ ಹಾಕಿದೊಡನೆ ಟ್ರಿಪ್ ಆಗುತ್ತಿದ್ದರೆ ಕಾಯಿಲ್ ಹೋಗಿರಬಹುದು, ನೀರು ಕಾಯದಿದ್ದರೆ ಥರ್ಮೋಸ್ಟಾಟ್ ಹೋಗಿರಬಹುದು. ಇವೆರಡೂ ಬದಲಿಸುವಂಥ ಭಾಗಗಳು. ಒಳಗೆ ಮೆಗ್ನೀಸಿಯಂ ಸರಳೊಂದಿರುತ್ತದೆ, ಟ್ಯಾಂಕಿಗೆ ಬರುವ ತುಕ್ಕನ್ನು ತಾನು ತಿನ್ನಿಸಿಕೊಂಡು ಸವೆಯುವುದೇ ಅದರ ಕೆಲಸ. ಗಡಸು ನೀರಿನವರು ವರ್ಷಕ್ಕೊಮ್ಮೆ ಅದನ್ನು ತೆಗೆಸಿ ನೋಡಬೇಕು. ಟ್ಯಾಂಕಿನ ಮೈಯಿಂದಲೇ ನೀರು ಜಿನುಗಿದರೆ ಗೀಸರಿಗೆ ಕೈಮುಗಿದು ಬೀಳ್ಕೊಡಿ. ಅರ್ಥಿಂಗ್ ಸರಿಯಿಲ್ಲದ ಬಚ್ಚಲಲ್ಲಿ ಹೊಸ ಗೀಸರೂ ಯಮನೇ, ಹಳೆಯದೂ ಯಮನೇ.

ಗ್ಯಾಸ್ ಗೀಸರಿನವರಿಗೆ ಒಂದು ಖಡಾಖಂಡಿತ ಮಾತು. ಕಿಟಕಿ ಮುಚ್ಚಿದ ಬಚ್ಚಲೊಳಗೆ ಅದನ್ನು ಇಡಲೇಬೇಡಿ. ಗಾಳಿ ಸಾಲದೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆ ಸುತ್ತಿತು ಎನ್ನುವಷ್ಟರಲ್ಲಿ ಬಾಗಿಲ ಚಿಲಕ ತೆಗೆಯುವ ಶಕ್ತಿಯೂ ಇರುವುದಿಲ್ಲ. ನೀಲಿ ಉರಿ ಹಳದಿಗೆ ತಿರುಗಿದರೆ ಅದು ಅಪಾಯದ ಗುರುತು, ಆ ದಿನವೇ ನಿಲ್ಲಿಸಿ. ಇದರಲ್ಲಿ ರಿಪೇರಿಯೋ ಹೊಸದೋ ಎಂಬುದು ಆಮೇಲಿನ ಪ್ರಶ್ನೆ, ಹೊರಗೋ ಒಳಗೋ ಎಂಬುದು ಮೊದಲಿನದು.

ಹಂಡೆ ಮಾರಬೇಡಿ

ಹಳ್ಳಿಯ ಕಡೆ ಪ್ರಶ್ನೆ ಇನ್ನೊಂದು ರೂಪದಲ್ಲಿದೆ. ಅಲ್ಲಿ ಮುದಿಯಾಗಿರುವುದು ತಾತನ ಕಾಲದ ತಾಮ್ರದ ಹಂಡೆ. ತಳ ಸವೆದು ತೂತಾಗಿದೆ, ಒಲೆ ಬಿರುಕು ಬಿಟ್ಟಿದೆ. ಹಂಡೆಯನ್ನು ತೂಕಕ್ಕೆ ಹಾಕಿ ಗೀಸರ್ ತರೋಣ ಎನ್ನುತ್ತಾನೆ ಮಗ.

ಚನ್ನರಾಯಪಟ್ಟಣದ ತೋಟದ ಮನೆಯಲ್ಲಿ ತೆಂಗಿನ ಗರಿ, ಮಟ್ಟೆ, ಚಿಪ್ಪಿಗೆ ಬರವಿಲ್ಲ. ಬಿದ್ದು ಗೆದ್ದಲು ಹಿಡಿಯುವ ಬದಲು ಹಂಡೆಯ ಕೆಳಗೆ ಉರಿದರೆ ನೀರು ಪುಕ್ಕಟೆ ಕಾಯುತ್ತದೆ. ಅಲ್ಲಿ ಹಂಡೆ ರಿಪೇರಿಯೇ ಸರಿ. ಅರಕಲಗೂಡಿನ ಹೊಗೆಸೊಪ್ಪಿನ ಸೀಮೆಯಲ್ಲಿ ಹಾಗಲ್ಲ. ಬ್ಯಾರನ್ನಿನಲ್ಲಿ ಸೊಪ್ಪು ಹದ ಮಾಡಲು ಸೌದೆಗೆ ಕಾಸು ಸುರಿಯುವ ರೈತನಿಗೆ, ಬಚ್ಚಲೊಲೆಗೂ ಸೌದೆ ಕೊಳ್ಳುವುದೆಂದರೆ ಎರಡು ಕಡೆ ಕಂದಾಯ ಕಟ್ಟಿದಂತೆ. ಅಲ್ಲಿ ಬಿಸಿಲಿನ ನೀರು ಲಾಭ. ಪೇಟೆಯಲ್ಲಿ ಡಿಪೋ ಸೌದೆ ಕೊಂಡು ಹಂಡೆ ಉರಿಸುವವರಿಗೂ ಇದೇ ಮಾತು.

ಹಂಡೆಗೆ ಬೆಸುಗೆ ಹಾಕಿಸುವಾಗ ಒಂದು ಎಚ್ಚರ. ತಳಕ್ಕೆ ತವರದ ಬೆಸುಗೆ ಹಾಕಿಸಿದರೆ, ನೀರಿಲ್ಲದೆ ಬೆಂಕಿ ಹಾಕಿದ ದಿನವೇ ಅದು ಕರಗಿ ಇಳಿದುಹೋಗುತ್ತದೆ. ಹಿತ್ತಾಳೆ ಬೆಸುಗೆ ಹಾಕಿಸಿ. ತಳದ ಕಾಡಿಗೆ ಕೆರೆದು ತೆಗೆಯಿರಿ, ಮಸಿಯ ಪದರ ಶಾಖವನ್ನು ತಡೆಯುತ್ತದೆ.

ಆದರೆ ರಿಪೇರಿ ಹಂಡೆಗಿಂತ ಹೆಚ್ಚಾಗಿ ಬೇಕಿರುವುದು ಒಲೆಗೆ. ಬಾಯಿ ಬಿಟ್ಟ ಒಲೆಯಲ್ಲಿ ಉರಿದ ಸೌದೆಯ ಬಹುಪಾಲು ಶಾಖ ಗೋಡೆಗೂ ಗಾಳಿಗೂ ಹೋಗುತ್ತದೆ, ನೀರಿಗೆ ಸೇರುವುದು ಸ್ವಲ್ಪವೇ. ಹೊಗೆ ಹೋಗುವುದು ಉರಿ ಊದುವವರ ಕಣ್ಣಿಗೆ, ಎದೆಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರದವರು ಇದನ್ನೇ ಯೋಚಿಸಿ, ಕಡಿಮೆ ಸೌದೆಯಲ್ಲಿ ಉರಿದು ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ 'ಅಸ್ತ್ರ ಒಲೆ' ಮಾಡಿದರು. ಬಚ್ಚಲೊಲೆಗೂ ತತ್ವ ಅದೇ: ಕೆಳಗೆ ಗಾಳಿಯಾಡುವ ಕಬ್ಬಿಣದ ಜಾಲರಿ, ಉರಿ ಹಂಡೆಯನ್ನು ಸುತ್ತಿಹೋಗುವಷ್ಟೇ ಸಂದು, ಹೊಗೆಗೊಂದು ಚಿಮಣಿ. ಊರ ಗಾರೆಯವರು ಒಂದು ದಿನದಲ್ಲಿ ಮಾಡಿಕೊಡುವ ಕೆಲಸ.

ಹೊಸದು ಬೇಕೋ ಹಳೆಯದು ಸಾಕೋ ಎಂದು ಜಗಲಿ ಮೇಲೆ ಕೂತು ತೀರ್ಮಾನ ಮಾಡುವವರು ಗಂಡಸರು. ಬೆಳಗಿನ ಜಾವ ಎದ್ದು ಹೊಗೆ ಕುಡಿಯುವವರು ಹೆಂಗಸರು. ತೀರ್ಮಾನದ ಮುಂಚೆ ಅವರನ್ನೊಂದು ಮಾತು ಕೇಳುವುದು ಧರ್ಮ.

ಕೊನೆಗೊಂದು ತಕ್ಕಡಿ

ಎಲ್ಲ ನೋಡಿದ ಮೇಲೂ ಮನಸ್ಸು ತೂಗುತ್ತಿದ್ದರೆ ಒಂದು ಲೆಕ್ಕ ಹಾಕಿ. ಹೊಸದಕ್ಕೆ ಇಪ್ಪತ್ತೈದು ಸಾವಿರ, ಹದಿನೈದು ವರ್ಷ ಬಾಳಿಕೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಸುಮಾರು 1,670 ರೂಪಾಯಿ ಬಿತ್ತು. ರಿಪೇರಿಗೆ ನಾಲ್ಕು ಸಾವಿರ ಖರ್ಚಾಗಿ ಇನ್ನು ನಾಲ್ಕು ವರ್ಷ ನಡೆಯುವುದಾದರೆ ವರ್ಷಕ್ಕೆ ಸಾವಿರ. ರಿಪೇರಿಯೇ ಗೆದ್ದಿತು. ಅದೇ ರಿಪೇರಿಗೆ ಎಂಟು ಸಾವಿರವಾಗಿ ಎರಡೇ ವರ್ಷ ನಡೆದರೆ ವರ್ಷಕ್ಕೆ ನಾಲ್ಕು ಸಾವಿರ. ಹೊಸದೇ ಮೇಲು. ಅಂಗಡಿಯವರು ಹೇಳಿದ ನಿಜವಾದ ದರ ಹಾಕಿಕೊಂಡು ನಿಮ್ಮ ಮನೆಯದನ್ನು ನೀವೇ ತೂಗಿ.

ಹೊಸದೇ ಎಂದಾದರೆ, ಹಳೆಯದನ್ನು "ಸುಮ್ನೆ ಎತ್ಕೊಂಡು ಹೋಗ್ತೀವಿ ಬಿಡಿ ಸಾರ್" ಎನ್ನುವವರಿಗೆ ಕೊಡಬೇಡಿ. ಹಳೆ ಹಲಗೆಯೊಳಗೆ ತಾಮ್ರವಿದೆ, ಸುತ್ತ ಅಲ್ಯೂಮಿನಿಯಂ ಇದೆ. ತೂಕ ಹಾಕಿಸಿ, ದರ ಕೇಳಿ, ಆಮೇಲೆ ಎಕ್ಸ್‌ಚೇಂಜ್ ಮಾತಾಡಿ. ಇನ್ನೊಂದು: 2024ರಲ್ಲಿ ಕೇಂದ್ರ ಸರ್ಕಾರ ತಂದ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿವರೆಗೆ ಸಬ್ಸಿಡಿ ಇರುವುದು ಕರೆಂಟ್ ಉತ್ಪಾದಿಸುವ ಹಲಗೆಗೆ. ನೀರು ಕಾಯಿಸುವ ಸೋಲಾರಿಗೆ ಅದು ಸಲ್ಲದು. ಎರಡನ್ನೂ ಕಲಸಿ ಹೇಳಿ ಮುಂಗಡ ಕೇಳುವವರು ಬಾಗಿಲಿಗೆ ಬಂದರೆ ಕಾಫಿ ಕೊಟ್ಟು ಕಳಿಸಿ, ಕಾಸು ಕೊಡಬೇಡಿ.

ನಮ್ಮ ಹಿರಿಯರು ಜಾಣರು. ದೀಪಾವಳಿಯ ಅಭ್ಯಂಜನಕ್ಕೆ ಮುಂಚೆ ನೀರು ತುಂಬುವ ಹಬ್ಬ ಅಂತ ಒಂದು ದಿನ ಇಟ್ಟರು. ಅವತ್ತು ಹಂಡೆ ಉಜ್ಜಿ, ಒಲೆ ಸಾರಿಸಿ, ಸುಣ್ಣ-ಕೆಮ್ಮಣ್ಣು ಬಳಿದು, ಹಂಡೆಯ ಕೊರಳಿಗೆ ಬಳ್ಳಿ ಸುತ್ತಿ ನೀರು ತುಂಬುತ್ತಿದ್ದರು. ಪೂಜೆಯ ನೆಪದಲ್ಲಿ ಆಗುತ್ತಿದ್ದದ್ದು ವರ್ಷದ ತಪಾಸಣೆ. ಸೋರುವ ಹಂಡೆ ಅವತ್ತೇ ಗೊತ್ತಾಗುತ್ತಿತ್ತು, ಚಳಿಗಾಲಕ್ಕೆ ಮುಂಚೆ ಬೆಸುಗೆ ಬೀಳುತ್ತಿತ್ತು. ಈಗ ಹಂಡೆ ತಾರಸಿ ಹತ್ತಿದೆ, ಹಬ್ಬ ಕೆಳಗೇ ಉಳಿದಿದೆ. ಈ ಸಲ ನೀರು ತುಂಬುವ ಹಬ್ಬದ ದಿನ ಒಂದು ಒದ್ದೆ ಬಟ್ಟೆ ಹಿಡಿದು ತಾರಸಿಗೂ ಹೋಗಿ. ಗಾಜು ಒರೆಸಿ, ಪೈಪ್ ಮುಟ್ಟಿ, ಟ್ಯಾಂಕಿನ ತಳ ಸವರಿ ನೋಡಿ. ಕೈಗೆ ತೇವ ಹತ್ತದಿದ್ದರೆ ಗುಜರಿಯವನಿಗೆ ಇನ್ನೂ ಕೆಲವು ವರ್ಷ ಕಾಯಲು ಹೇಳಿ.